ಅಂಗಾಂಶದ ವರ್ಣನಕ್ಷೆಯೂ ಲೆಕ್ಕಪರಿಶೋಧನೆಯ ದೃಷ್ಟಿಯೂ

ಒಂದೇ ವರ್ಷದ ಒಂದೇ ಖಾತೆಪುಸ್ತಕವನ್ನು ಮೂವರು ಲೆಕ್ಕಪರಿಶೋಧಕರ ಮುಂದಿಟ್ಟು, ಗಮನಿಸಬೇಕಾದ ನಮೂದುಗಳು ಎಷ್ಟಿವೆಯೆಂದು ಕೇಳಲಾಯಿತೆಂದು ಭಾವಿಸೋಣ. ಮೊದಲನೆಯವರು ಒಂದೂ ಇಲ್ಲವೆಂದೂ, ಎರಡನೆಯವರು 67 ಎಂದೂ, ಮೂರನೆಯವರು 772 ಎಂದೂ ವರದಿ ನೀಡಿದರೆ ಮಾಲೀಕನು ಯಾರ ಮಾತನ್ನು ನಂಬಬೇಕು? ವ್ಯಾಪಾರದಲ್ಲಿ ಇಂಥದ್ದು ನಡೆದರೆ ಮೂವರನ್ನೂ ಬದಲಾಯಿಸುವ ಯೋಚನೆ ಬಂದೀತು. ಜೀವವಿಜ್ಞಾನದಲ್ಲಿ ಇದು ನಿಜವಾಗಿಯೂ ನಡೆದಿದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರು 2020ರಲ್ಲಿ 'ನೇಚರ್ ಮೆಥಡ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಇಲಿಯ ಮಿದುಳಿನ ಒಂದು ತೆಳು ಹೋಳಿನಿಂದ ಪಡೆದ ಒಂದೇ ದತ್ತಾಂಶಕ್ಕೆ ಮೂರು ಗಣನಾ ವಿಧಾನಗಳನ್ನು ಅನ್ವಯಿಸಲಾಯಿತು. ಯಾವ ಜೀನುಗಳು ಅಂಗಾಂಶದಲ್ಲಿ ನಿರ್ದಿಷ್ಟ ವಿನ್ಯಾಸದಲ್ಲಿ ಹರಡಿಕೊಂಡಿವೆ ಎಂಬುದು ಪ್ರಶ್ನೆ. 'ಟ್ರೆಂಡ್‌ಸೀಕ್' ಎಂಬ ವಿಧಾನಕ್ಕೆ ಒಂದೂ ಸಿಗಲಿಲ್ಲ. 'ಸ್ಪೇಷಿಯಲ್‌ಡಿಇ'ಗೆ 67 ಸಿಕ್ಕವು. ಪ್ರಬಂಧಕಾರರದೇ ಆದ 'ಸ್ಪಾರ್ಕ್' 772 ಜೀನುಗಳನ್ನು ಎತ್ತಿ ತೋರಿತು.

ವಾಣಿಜ್ಯ ಪತ್ರಿಕೆಯ ಓದುಗರಿಗೆ ಇಲಿಯ ಮಿದುಳಿನಿಂದ ಆಗಬೇಕಾದುದೇನು ಎಂಬ ಪ್ರಶ್ನೆ ಸಹಜವೇ. ಇದೇ ತಂತ್ರದಿಂದ ಕ್ಯಾನ್ಸರ್ ಗಡ್ಡೆಗಳ ನಕ್ಷೆಯನ್ನು ಬಿಡಿಸಲಾಗುತ್ತಿದೆ. ಆ ನಕ್ಷೆಗಳನ್ನು ಮುಂದಿಟ್ಟು ರೋಗಪತ್ತೆಯ ಕಿಟ್‌ಗಳು, ಔಷಧಿಗಳು, ಯಂತ್ರಗಳು, ತಂತ್ರಾಂಶಗಳು ಮಾರಾಟಕ್ಕೆ ಬರುತ್ತಿವೆ. ಇಂಥ ಕಿಟ್‌ಗಳಿಗೆ ಬಿಡಿಭಾಗ ಪೂರೈಸುವ ಸಣ್ಣ ತಯಾರಕರು, ಪ್ರಯೋಗಾಲಯ ಸಾಮಗ್ರಿಯ ವಿತರಕರು, ದತ್ತಾಂಶ ವಿಶ್ಲೇಷಣೆಯ ಸೇವೆ ನೀಡುವ ಪುಟ್ಟ ಸಂಸ್ಥೆಗಳು ಇವರೆಲ್ಲರ ಮೇಜಿನ ಮೇಲೆ ಬಣ್ಣಬಣ್ಣದ ಅಂಗಾಂಶಚಿತ್ರಗಳಿರುವ ಕೈಪಿಡಿ ಒಂದಲ್ಲ ಒಂದು ದಿನ ಬಂದು ಬೀಳುವುದು ನಿಶ್ಚಿತ. ಆ ಚಿತ್ರವನ್ನು ಓದುವ ವಿದ್ಯೆ ಜೀವವಿಜ್ಞಾನಿಗಳ ಸೊತ್ತೆಂದು ಬಿಟ್ಟುಬಿಡುವುದು ಸರಿಯಲ್ಲ. ಅದರ ಬಹುಭಾಗ ಲೆಕ್ಕ ತಿಳಿದವರಿಗೆ ಪರಿಚಿತವಾದ ವಿದ್ಯೆಯೇ ಆಗಿದೆ.

ವಿಳಾಸವುಳ್ಳ ಲೆಕ್ಕ

ಜೀವಕೋಶದೊಳಗೆ ಯಾವ ಜೀನು ಎಷ್ಟು ಚಟುವಟಿಕೆಯಿಂದಿದೆ ಎಂಬುದನ್ನು ಅದು ಹೊರಡಿಸುವ ಆರ್‌ಎನ್‌ಎ ಅಣುಗಳನ್ನು ಎಣಿಸಿ ತಿಳಿಯುತ್ತಾರೆ. ಹಿಂದೆ ಅಂಗಾಂಶದ ತುಣುಕನ್ನು ಅರೆದು ಒಟ್ಟು ಎಣಿಕೆ ಮಾಡುತ್ತಿದ್ದರು. ಅದು ಹತ್ತಾರು ಶಾಖೆಗಳುಳ್ಳ ಅಂಗಡಿಯ ಒಟ್ಟು ತಾಳೆಪಟ್ಟಿಯಿದ್ದಂತೆ. ಮೊತ್ತ ಸರಿಯಿರುತ್ತದೆ, ಯಾವ ಶಾಖೆಯಲ್ಲಿ ಏನಾಯಿತೆಂದು ತಿಳಿಯದು. ಅನಂತರ ಬಂದ ಬಿಡಿಕೋಶದ ವಿಧಾನದಲ್ಲಿ ಒಂದೊಂದು ಕೋಶದ ಲೆಕ್ಕವೂ ಪ್ರತ್ಯೇಕವಾಗಿ ದೊರೆಯಿತಾದರೂ, ಕೋಶಗಳನ್ನು ಬಿಡಿಸುವಾಗ ಅವುಗಳ ವಿಳಾಸ ಕಳೆದುಹೋಗುತ್ತಿತ್ತು. ಬಿಲ್ಲುಗಳೆಲ್ಲ ಇವೆ, ಯಾವ ಊರಿನ ಬಿಲ್ಲೆಂದು ಬರೆದಿಲ್ಲ ಎನ್ನುವ ಸ್ಥಿತಿ.

ಈ ತೊಡಕನ್ನು ಬಿಡಿಸಿದವರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ತಂಡ ಪ್ರಮುಖವಾದುದು. ಪ್ಯಾಟ್ರಿಕ್ ಸ್ಟೋಲ್, ಫ್ರೆಡ್ರಿಕ್ ಸಾಲ್ಮೇನ್, ಯೋನಾಸ್ ಫ್ರಿಸೇನ್, ಯೋಕಿಮ್ ಲುಂಡೆಬೆರ್ಗ್ ಮೊದಲಾದವರು 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಿವರಿಸಿದ ಕ್ರಮ ಹೀಗಿದೆ. ಗಾಜಿನ ಪಟ್ಟಿಯ ಮೇಲೆ 100 ಮೈಕ್ರಾನ್ ಅಗಲದ ಸುಮಾರು ಸಾವಿರ ಚುಕ್ಕಿಗಳು, ಚುಕ್ಕಿಯ ನಡುವಿನಿಂದ ಚುಕ್ಕಿಯ ನಡುವಿಗೆ 200 ಮೈಕ್ರಾನ್ ಅಂತರ. ಪ್ರತಿ ಚುಕ್ಕಿಯಲ್ಲಿಯೂ ಅದರದೇ ಆದ ಸಂಕೇತವುಳ್ಳ ಡಿಎನ್‌ಎ ತಂತುಗಳನ್ನು ಅಂಟಿಸಿರುತ್ತಾರೆ. ಅಂಗಾಂಶದ ತೆಳು ಹೋಳನ್ನು ಅದರ ಮೇಲೆ ಹಾಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಛಾಯಾಚಿತ್ರ ತೆಗೆದು, ಬಳಿಕ ಕೋಶಗಳ ಪೊರೆಯನ್ನು ಸಡಿಲಗೊಳಿಸುತ್ತಾರೆ. ಆರ್‌ಎನ್‌ಎ ಕೆಳಗಿಳಿದು ನೇರ ಕೆಳಗಿರುವ ಚುಕ್ಕಿಗೆ ಅಂಟಿಕೊಂಡು, ಆ ಚುಕ್ಕಿಯ ಸಂಕೇತವನ್ನು ಪಡೆದುಕೊಳ್ಳುತ್ತದೆ. ಮುಂದೆ ಯಂತ್ರವು ಅಣುವನ್ನು ಓದಿದಾಗ ಸರಕಿನ ಹೆಸರು, ಗೋದಾಮಿನ ಸಂಖ್ಯೆ ಎರಡೂ ಒಟ್ಟಿಗೆ ದೊರೆಯುತ್ತವೆ. ಎಣಿಕೆಯನ್ನು ಬಣ್ಣವಾಗಿಸಿ ಛಾಯಾಚಿತ್ರದ ಮೇಲೆ ಚುಕ್ಕಿಚುಕ್ಕಿಯಾಗಿ ಇಟ್ಟರೆ ಜೀನಿನ ನಕ್ಷೆ ಸಿದ್ಧ. 'ನೇಚರ್ ಮೆಥಡ್ಸ್' ಪತ್ರಿಕೆಯು ಈ ಬಗೆಯ ತಂತ್ರಗಳನ್ನು 2020ನೇ ಸಾಲಿನ ಶ್ರೇಷ್ಠ ವಿಧಾನವೆಂದು ಘೋಷಿಸಿತು.

ಇಷ್ಟರವರೆಗೆ ಎಲ್ಲವೂ ಚೆನ್ನಾಗಿದೆ. ತೊಂದರೆ ಶುರುವಾಗುವುದು ನಕ್ಷೆಗಳ ರಾಶಿ ಎದುರಾದಾಗ. ಮೇಲೆ ಹೇಳಿದ ಇಲಿಯ ಘ್ರಾಣಕಂದದ, ಅಂದರೆ ಮಿದುಳಿನಲ್ಲಿ ವಾಸನೆಯನ್ನು ಗ್ರಹಿಸುವ ಭಾಗದ, ದತ್ತಾಂಶದಲ್ಲಿ 260 ಚುಕ್ಕಿಗಳು ಮತ್ತು 11,274 ಜೀನುಗಳಿದ್ದವು. ಹನ್ನೊಂದು ಸಾವಿರ ಚಿತ್ರಗಳನ್ನು ಕಣ್ಣಿನಿಂದ ನೋಡಿ ಆಯ್ದುಕೊಳ್ಳುವುದು ಅಸಾಧ್ಯವಾದ್ದರಿಂದ ಗಣಕಯಂತ್ರಕ್ಕೆ ಕೆಲವು ಮಾದರಿ ವಿನ್ಯಾಸಗಳನ್ನು ಮೊದಲೇ ಕೊಡಲಾಗುತ್ತದೆ. ಒಂದೆಡೆ ಗುಂಪಾಗಿರುವುದು, ಪಟ್ಟೆಯಾಗಿರುವುದು, ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮೇಣ ಏರುವುದು, ಅಲೆಯಂತೆ ಮರುಕಳಿಸುವುದು ಇತ್ಯಾದಿ. ಪ್ರತಿ ಜೀನಿನ ಎಣಿಕೆಯನ್ನೂ ಈ ಮಾದರಿಗಳೊಡನೆ ಹೋಲಿಸಿ, ಯಾವುದು ಎಷ್ಟು ಹೊಂದುತ್ತದೆಂದು ಯಂತ್ರ ಹೇಳುತ್ತದೆ. 'ಸ್ಪಾರ್ಕ್' ವಿಧಾನವು ಇಂತಹ ಹತ್ತು ಗಣಿತ ಮಾದರಿಗಳನ್ನು, ಐದು ಗುಂಪುಗೂಡುವ ಬಗೆಯವು, ಐದು ಮರುಕಳಿಸುವ ಬಗೆಯವು, ಪ್ರತಿ ಜೀನಿಗೂ ಪರೀಕ್ಷಿಸಿ ಫಲಿತಾಂಶಗಳನ್ನು ಒಗ್ಗೂಡಿಸುತ್ತದೆ. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಇದು ಮುಂಗಡಪತ್ರದೊಡನೆ ವಾಸ್ತವಾಂಕಗಳ ಹೋಲಿಕೆ.

ಇಲ್ಲಿ ಮೊದಲ ಎಚ್ಚರಿಕೆ ಅಗತ್ಯ. ಆಕಸ್ಮಿಕವಾಗಿ ಹೊಂದಿಕೆಯಾಗುವ ಸಾಧ್ಯತೆ ಶೇ. 5 ಇದ್ದರೆ ಸಾಕೆಂದು ಮಿತಿ ಹಾಕಿಕೊಂಡು 11,274 ಜೀನುಗಳನ್ನು ಪರೀಕ್ಷಿಸಿದರೆ, ಯಾವ ಜೀನಿಗೂ ನಿಜವಾದ ವಿನ್ಯಾಸವೇ ಇಲ್ಲದಿದ್ದರೂ ಸುಮಾರು 564 ಜೀನುಗಳು ಸುಂದರವಾದ ನಕ್ಷೆಯೊಡನೆ ಹೊರಬರುತ್ತವೆ. ಅವುಗಳಲ್ಲಿ ಅತ್ಯಂತ ಆಕರ್ಷಕವಾದ ಆರನ್ನು ಆರಿಸಿ ಹೊಳಪು ಕಾಗದದಲ್ಲಿ ಮುದ್ರಿಸಿದರೆ ಯಾರಿಗೂ ಸಂಶಯ ಬಾರದು. ಆದುದರಿಂದಲೇ ಬೆಂಜಮಿನಿ ಮತ್ತು ಹೋಖ್‌ಬರ್ಗ್ ಎಂಬ ಇಸ್ರೇಲಿನ ಸಂಖ್ಯಾಶಾಸ್ತ್ರಜ್ಞರು 1995ರಲ್ಲಿ ಬೇರೊಂದು ಅಳತೆಗೋಲನ್ನು ಮುಂದಿಟ್ಟರು. ಒಟ್ಟು ಪರೀಕ್ಷೆಗಳಲ್ಲಿ ಎಷ್ಟು ತಪ್ಪಾದೀತು ಎಂಬುದರ ಬದಲು, ಸಿಕ್ಕಿತೆಂದು ಘೋಷಿಸಿದ ಪಟ್ಟಿಯಲ್ಲಿ ಎಷ್ಟು ಪಾಲು ಸುಳ್ಳಿರಬಹುದು ಎಂಬುದನ್ನು ಮಿತಿಯಲ್ಲಿಡಬೇಕೆಂಬುದು ಅವರ ವಾದ. 772ರ ಪಟ್ಟಿಯನ್ನು ಈ ಅಳತೆಯಲ್ಲಿ ಶೇ. 5ರ ಮಿತಿಯಿಟ್ಟೇ ತಯಾರಿಸಲಾಗಿದೆ. ಅಂದರೆ ಅದರಲ್ಲಿ ಸುಮಾರು 39 ಹುಸಿಯಾಗಿದ್ದರೂ ಆಶ್ಚರ್ಯವಿಲ್ಲವೆಂದು ತಯಾರಿಸಿದವರೇ ಒಪ್ಪಿಕೊಂಡಂತೆ. ಇದು ಪ್ರಾಮಾಣಿಕವಾದ ಲೆಕ್ಕ. ಪಟ್ಟಿಯ ಜತೆಗೆ ಈ ಅಂಕಿ ಇಲ್ಲದ ಕೈಪಿಡಿ, ಪರಿಶೋಧಕರ ಸಹಿಯಿಲ್ಲದ ಅಢಾವೆ ಪತ್ರಿಕೆಗೆ ಸಮಾನ.

ಹಾಗಾದರೆ ಸೊನ್ನೆ, 67, 772 ಈ ಮೂರರಲ್ಲಿ ಯಾವುದು ಸರಿ? ಕಡಿಮೆ ಹೇಳಿದವನೇ ಎಚ್ಚರಿಕೆಯುಳ್ಳವನು ಎಂದು ತೀರ್ಮಾನಿಸುವ ಅಭ್ಯಾಸ ಲೆಕ್ಕಪರಿಶೋಧನಾ ವೃತ್ತಿಯಲ್ಲಿಯೂ ಇದೆ; ಅದು ಅರ್ಧಸತ್ಯವಷ್ಟೆ. ಇದ್ದುದನ್ನು ಕಾಣದಿರುವುದೂ ಲೋಪವೇ. ಮಿಷಿಗನ್ನಿನವರು ಇದನ್ನು ಪರೀಕ್ಷಿಸಿದ ರೀತಿ ಮೆಚ್ಚತಕ್ಕದ್ದು. ಚುಕ್ಕಿಗಳ ವಿಳಾಸಗಳನ್ನು ಇಸ್ಪೀಟೆಲೆಗಳಂತೆ ಕಲಸಿ, ಯಾವ ನಿಜವಾದ ವಿನ್ಯಾಸವೂ ಉಳಿಯದಂತೆ ಮಾಡಿ, ಅದರ ಮೇಲೆ ಮತ್ತೆ ಗಣನೆ ನಡೆಸಿದರು. ಇಂತಹ ಕಲಸಿದ ದತ್ತಾಂಶದಲ್ಲಿಯೂ ವಿನ್ಯಾಸಗಳನ್ನು ಕಾಣುವ ವಿಧಾನವು ನಂಬಿಕೆಗೆ ಅರ್ಹವಲ್ಲ. 'ಸ್ಪಾರ್ಕ್' ಈ ಪರೀಕ್ಷೆಯಲ್ಲಿ ನಿರೀಕ್ಷಿತ ಮಿತಿಯೊಳಗೇ ಉಳಿಯಿತು. 'ಸ್ಪೇಷಿಯಲ್‌ಡಿಇ' ಮಿತಿಗಿಂತಲೂ ಬಹಳ ಕೆಳಗೆ ನಿಂತಿತು, ಅಂದರೆ ಅಗತ್ಯಕ್ಕಿಂತ ಹೆಚ್ಚಾಗಿ ಅಂಜುತ್ತಿತ್ತು. ಕಾರಣವೂ ಸ್ಪಷ್ಟವಿದೆ. ಒಂದು ಚುಕ್ಕಿಯಲ್ಲಿ ಒಂದು ಜೀನಿನ ಎಣಿಕೆ ಸಾಮಾನ್ಯವಾಗಿ ಸೊನ್ನೆ, ಒಂದು, ಎರಡು ಎಂಬಷ್ಟು ಅಲ್ಪ. 'ಸ್ಪಾರ್ಕ್' ಈ ಬಿಡಿ ಎಣಿಕೆಯನ್ನು ಎಣಿಕೆಯಾಗಿಯೇ ಲೆಕ್ಕಕ್ಕೆ ತೆಗೆದುಕೊಂಡರೆ, ಹಳೆಯ ವಿಧಾನವು ಅದನ್ನು ರೂಪಾಂತರಿಸಿ ಗಂಟೆಯಾಕಾರದ ವಕ್ರರೇಖೆಗೆ ಒಗ್ಗಿಸಲು ಹೋಗಿ ಶಕ್ತಿ ಕಳೆದುಕೊಂಡಿತು. ಚಿಲ್ಲರೆ ಕಾಸನ್ನು ಪೂರ್ಣ ರೂಪಾಯಿಗೆ ಸರಿಹೊಂದಿಸಿ ಬರೆಯುವಾಗ ಸಣ್ಣ ಅಂಗಡಿಯ ಲಾಭವೇ ಕಾಣದಂತಾಗುವುದನ್ನು ವರ್ತಕ ಬಂಧುಗಳು ಬಲ್ಲರು.

ತನ್ನ ವಿಧಾನವೇ ಉತ್ತಮವೆಂದು ವಿಧಾನದ ಕರ್ತೃವೇ ಹೇಳುವಾಗ ಸ್ವಲ್ಪ ಉಪ್ಪು ಬೆರೆಸಿಯೇ ಕೇಳಬೇಕಾದುದು ನ್ಯಾಯ. ಪ್ರಬಂಧಕಾರರು ಹೊರಗಿನ ಸಾಕ್ಷ್ಯವನ್ನೂ ಒದಗಿಸಿರುವುದರಿಂದ ಅವರ ಮಾತಿಗೆ ತೂಕ ಬಂದಿದೆ. ಘ್ರಾಣಕಂದವು ಈರುಳ್ಳಿಯಂತೆ ಪದರ ಪದರವಾಗಿದೆ. ಅವರಿಗೆ ಸಿಕ್ಕ ಜೀನುಗಳು ಮೂರು ಮುಖ್ಯ ವಿನ್ಯಾಸಗಳಾಗಿ ವಿಂಗಡವಾದವು, ಆ ಮೂರೂ ತಿಳಿದಿರುವ ಪದರಗಳಿಗೆ ಹೊಂದಿಕೊಂಡವು. ಮುಂದೆ ಆ ನಕ್ಷೆಗಳನ್ನು ಅಲೆನ್ ಮಿದುಳು ಅಟ್ಲಾಸಿನ ಚಿತ್ರಗಳೊಡನೆ ಹೋಲಿಸಲಾಯಿತು. ಮೈಕ್ರೋಸಾಫ್ಟ್ ಸಹಸಂಸ್ಥಾಪಕ ಪಾಲ್ ಅಲೆನ್ ಸಿಯಾಟಲ್‌ನಲ್ಲಿ 2003ರಲ್ಲಿ ಸ್ಥಾಪಿಸಿದ ಸಂಸ್ಥೆಯು ಇಲಿಯ ಮಿದುಳಿನ ಜೀನುಗಳನ್ನು ಸಂಪೂರ್ಣ ಬೇರೆಯಾದ ಪ್ರಯೋಗದಿಂದ ಚಿತ್ರಿಸಿ 2006ರಲ್ಲಿ ಪೂರ್ಣಗೊಳಿಸಿದ ಈ ಅಟ್ಲಾಸ್ ಎಲ್ಲರಿಗೂ ಉಚಿತವಾಗಿ ಲಭ್ಯವಿದೆ. ಬಾಕಿದಾರರ ಪಟ್ಟಿಯನ್ನು ಸಂಸ್ಥೆಯ ಪುಸ್ತಕದಿಂದಲೇ ತಾಳೆ ನೋಡುವುದಕ್ಕೂ, ಬಾಕಿದಾರರಿಗೆ ನೇರವಾಗಿ ಪತ್ರ ಬರೆದು ಖಚಿತಪಡಿಸಿಕೊಳ್ಳುವುದಕ್ಕೂ ಇರುವ ಅಂತರವೇ ಇಲ್ಲಿರುವುದು. ಇದೇ ಪ್ರಬಂಧದಲ್ಲಿ ಸ್ತನ ಕ್ಯಾನ್ಸರಿನ ಹೋಳೊಂದರಲ್ಲಿ ಮೂರೂ ವಿಧಾನಗಳು ಕ್ರಮವಾಗಿ 15, 115 ಮತ್ತು 290 ಜೀನುಗಳನ್ನು ಕೊಟ್ಟವು. ಮನುಷ್ಯರ ಗಡ್ಡೆಗೆ ಘ್ರಾಣಕಂದದಂತಹ ಶಿಸ್ತಿನ ಪದರಗಳಿಲ್ಲ, ರೋಗಿಯಿಂದ ರೋಗಿಗೆ ವಿನ್ಯಾಸ ಬೇರೆ. ಅಲ್ಲಿ ತಾಳೆ ನೋಡುವ ಕೆಲಸ ಹೆಚ್ಚು ಕಠಿಣ, ತಪ್ಪಿದರೆ ಆಗುವ ನಷ್ಟವೂ ಹೆಚ್ಚು. ಹುಸಿ ಜೀನೊಂದನ್ನು ನಂಬಿ ಕಿಟ್ ತಯಾರಿಕೆಗೆ ಅಚ್ಚು, ಯಂತ್ರ, ಸಾಲ ಎಲ್ಲವನ್ನೂ ಹೊಂದಿಸಿಕೊಂಡ ಸಣ್ಣ ಉದ್ಯಮಿಗೆ ಎರಡನೆಯ ಅವಕಾಶ ದೊರೆಯುವುದು ಅಪರೂಪ.

ಬಣ್ಣದ ಮಾತು

ಗಣನೆ ಸರಿಯಿದ್ದರೂ ಚಿತ್ರವು ದಾರಿ ತಪ್ಪಿಸಬಲ್ಲದು. ಪ್ರತಿ ಜೀನಿನ ನಕ್ಷೆಯಲ್ಲಿಯೂ ಅದರದೇ ಕನಿಷ್ಠವನ್ನು ತಿಳಿಬಣ್ಣವಾಗಿಯೂ ಅದರದೇ ಗರಿಷ್ಠವನ್ನು ಕಡುಬಣ್ಣವಾಗಿಯೂ ತೋರಿಸುವುದು ರೂಢಿ. ಹೀಗಾದಾಗ ಗರಿಷ್ಠ ಎಣಿಕೆ ಮೂರು ಇರುವ ಜೀನೂ, ಮುನ್ನೂರು ಇರುವ ಜೀನೂ ಅಷ್ಟೇ ಕೆಂಪಾಗಿ ಹೊಳೆಯುತ್ತವೆ. ಸಾರ್ವಜನಿಕ ಷೇರು ನೀಡಿಕೆಯ ಸಮಯದಲ್ಲಿ ಮಾರಾಟದ ಸ್ತಂಭಚಿತ್ರವನ್ನು ಸೊನ್ನೆಯಿಂದ ಆರಂಭಿಸದೆ ತೊಂಬತ್ತರಿಂದ ಆರಂಭಿಸಿ ಬೆಳವಣಿಗೆಯನ್ನು ಬೆಟ್ಟದಂತೆ ತೋರಿಸುವ ಹಳೆಯ ಚಮತ್ಕಾರವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಕೋಶಗಳು ದಟ್ಟವಾಗಿರುವೆಡೆಯ ಚುಕ್ಕಿಗೆ ಒಟ್ಟಾರೆ ಆರ್‌ಎನ್‌ಎ ಹೆಚ್ಚು ಬೀಳುತ್ತದೆ. ಒಟ್ಟು ಎಣಿಕೆಗೆ ತಕ್ಕಂತೆ ಸರಿಹೊಂದಿಸದೆ ನಕ್ಷೆ ಬಿಡಿಸಿದರೆ ಪ್ರತಿಯೊಂದು ಜೀನೂ ಅದೇ ಜಾಗದಲ್ಲಿ ಮಿನುಗುತ್ತದೆ. ಸಂತೆಯ ದಿನ ಬೆಲ್ಲವೂ ಹೆಚ್ಚು ಮಾರಾಟವಾಗುತ್ತದೆ, ಹಗ್ಗವೂ ಹೆಚ್ಚು ಮಾರಾಟವಾಗುತ್ತದೆ. ಅದರಿಂದ ಬೆಲ್ಲಕ್ಕೂ ಹಗ್ಗಕ್ಕೂ ಏನೋ ನಂಟಿದೆಯೆಂದು ಹೇಳಿದರೆ ಸಂತೆಯವರು ನಕ್ಕಾರು. ಹಾಗೆಂದು ಸರಿಹೊಂದಿಸುವುದೂ ಯಾವಾಗಲೂ ನಿರಪಾಯವಲ್ಲ. ದಟ್ಟಣೆಯೇ ಗಡ್ಡೆಯ ಲಕ್ಷಣವಾಗಿದ್ದಲ್ಲಿ ಅದನ್ನು ಭಾಗಿಸಿ ತೆಗೆದರೆ ನಿಜವಾದ ಸುದ್ದಿಯೂ ಅಳಿಸಿಹೋಗಬಹುದು. ಆದ್ದರಿಂದ ಎರಡೂ ನಕ್ಷೆಗಳನ್ನು ಅಕ್ಕಪಕ್ಕದಲ್ಲಿ ಕೇಳಿ ಪಡೆಯುವುದು ಲೇಸು.

ಎಲ್ಲಕ್ಕಿಂತ ಗಂಭೀರವಾದ ದೋಷ ಮಾದರಿಯ ಮೂಲದಲ್ಲಿಯೇ ಇರಬಲ್ಲದು. ಕೆಲವೊಮ್ಮೆ ಮಾದರಿ ವಿನ್ಯಾಸವನ್ನು ಮೊದಲೇ ನಿಗದಿಪಡಿಸದೆ, ಅದೇ ದತ್ತಾಂಶದಿಂದ ಗುಂಪುಗಳನ್ನು ಹೊರತೆಗೆದು, ಆ ಗುಂಪಿಗೆ ಯಾವ ಜೀನುಗಳು ಹೊಂದುತ್ತವೆಂದು ಅದೇ ದತ್ತಾಂಶದಲ್ಲಿಯೇ ಹುಡುಕಿ, ಹೊಂದಿಕೆ ಅದ್ಭುತವಾಗಿದೆಯೆಂದು ಸಾರಲಾಗುತ್ತದೆ. ಮಾರ್ಚ್ 31ರ ಅಂಕಿಗಳನ್ನು ನೋಡಿಕೊಂಡು ಮುಂಗಡಪತ್ರ ಬರೆದು, ವಾಸ್ತವಾಂಕಗಳು ಮುಂಗಡಪತ್ರಕ್ಕೆ ಸರಿಯಾಗಿ ಹೊಂದಿವೆಯೆಂದು ಆಡಳಿತ ಮಂಡಳಿಗೆ ವರದಿ ಮಾಡಿದಂತೆ! ಶಿಸ್ತಿನ ಪ್ರಯೋಗಗಳಲ್ಲಿಯೂ ಈ ಅಪಾಯದ ಎಳೆಯೊಂದು ನುಸುಳುತ್ತದೆ. 2021ರಲ್ಲಿ 'ನೇಚರ್ ನ್ಯೂರೋಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಮನುಷ್ಯರ ಮಿದುಳಿನ ಹೊರಪದರದ ಅಧ್ಯಯನದಲ್ಲಿ ಮೂವರು ದಾನಿಗಳ 12 ಹೋಳುಗಳನ್ನು ತೆಗೆದುಕೊಂಡು, ಪ್ರತಿ ಚುಕ್ಕಿಯೂ ಆರು ಪದರಗಳಲ್ಲಿ ಯಾವುದಕ್ಕೆ ಅಥವಾ ಒಳಗಿನ ಬಿಳಿಭಾಗಕ್ಕೆ ಸೇರಿದ್ದೆಂದು ಮನುಷ್ಯರೇ ಗುರುತು ಹಾಕಿದರು. ಅದು ಮಾದರಿಯಾಗಿ ಇಂದಿಗೂ ಬಳಕೆಯಲ್ಲಿರುವ ಉತ್ತಮ ಕೆಲಸ. ಆದಾಗ್ಯೂ ಗುರುತು ಹಾಕುವಾಗ ಕೋಶಗಳ ಆಕಾರದ ಜತೆಗೆ ಕೆಲವು ಪರಿಚಿತ ಜೀನುಗಳ ನಕ್ಷೆಗಳನ್ನೂ ನೆರವಿಗೆ ತೆಗೆದುಕೊಳ್ಳಲಾಗಿತ್ತು. ಅಂತಹ ಜೀನುಗಳು ಮುಂದೆ ಆ ಪದರಗಳಿಗೆ ಚೆನ್ನಾಗಿ ಹೊಂದಿದರೆ ಅದನ್ನು ಸಾಕ್ಷ್ಯವೆಂದು ಎಣಿಸಲಾಗದು. ಉಳಿದ ಜೀನುಗಳ ಹೊಂದಿಕೆಗೆ ಮಾತ್ರ ಬೆಲೆಯಿದೆ.

ಯಂತ್ರ, ಪೇಟೆಂಟ್ ಮತ್ತು ಪೂರೈಕೆ

ವಿಜ್ಞಾನದ ಮಾತು ಹೀಗಾದರೆ, ವ್ಯವಹಾರದ ಮಾತು ಬೇರೆಯೇ ಇದೆ. ಸ್ಟಾಕ್‌ಹೋಮ್‌ನ ತಂತ್ರವನ್ನು ಮಾರುಕಟ್ಟೆಗೆ ತರಲು ಹುಟ್ಟಿದ್ದ ಸಂಸ್ಥೆಯನ್ನು ಅಮೆರಿಕದ 10ಎಕ್ಸ್ ಜೀನೋಮಿಕ್ಸ್ ಕಂಪನಿ 2018ರಲ್ಲಿ ಕೊಂಡುಕೊಂಡು, 2019ರಲ್ಲಿ 'ವಿಸಿಯಂ' ಎಂಬ ಹೆಸರಿನಲ್ಲಿ ಹೊರತಂದಿತು. ಇದರಲ್ಲಿ ಒಂದು ಚೌಕಕ್ಕೆ 4,992 ಚುಕ್ಕಿಗಳು, ಒಂದೊಂದು 55 ಮೈಕ್ರಾನ್. ಅದೇ ಕ್ಷೇತ್ರದಲ್ಲಿದ್ದ ನ್ಯಾನೋಸ್ಟ್ರಿಂಗ್ ಎಂಬ ಪ್ರತಿಸ್ಪರ್ಧಿಯ ಮೇಲೆ ಅದು ಪೇಟೆಂಟ್ ದಾವೆಗಳನ್ನು ಹೂಡಿತು. 2023ರ ನವೆಂಬರಿನಲ್ಲಿ ಡೆಲವೇರ್ ನ್ಯಾಯಾಲಯದ ತೀರ್ಪುಗಾರರು ನ್ಯಾನೋಸ್ಟ್ರಿಂಗ್ ಸುಮಾರು 3.1 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದರು. 2024ರ ಫೆಬ್ರವರಿಯಲ್ಲಿ ಆ ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿತು. ಮೇ ತಿಂಗಳಲ್ಲಿ ಬ್ರೂಕರ್ ಕಂಪನಿ ಅದರ ಆಸ್ತಿಗಳನ್ನು ಸುಮಾರು 39 ಕೋಟಿ ಡಾಲರಿಗೆ ಖರೀದಿಸಿತು. ದಾವೆಯಲ್ಲಿ ಯಾರು ಸರಿಯೆಂಬುದು ಇಲ್ಲಿ ಮುಖ್ಯವಲ್ಲ. ದುಬಾರಿ ಯಂತ್ರ ಕೊಂಡು, ಅದಕ್ಕೆ ಬೇಕಾದ ರಾಸಾಯನಿಕ ಮತ್ತು ಗಾಜುಪಟ್ಟಿಗಳಿಗೆ ಒಬ್ಬನೇ ಪೂರೈಕೆದಾರನನ್ನು ನೆಚ್ಚಿದ ಪ್ರಯೋಗಾಲಯಗಳು ಆ ತಿಂಗಳುಗಳಲ್ಲಿ ಎಷ್ಟು ಅನಿಶ್ಚಿತತೆಯಲ್ಲಿದ್ದಿರಬೇಕು ಎಂಬುದನ್ನು ಊಹಿಸಬಹುದು. ಯಂತ್ರದ ಬೆಲೆಯನ್ನು ಮಾತ್ರ ಬಂಡವಾಳ ವೆಚ್ಚದಲ್ಲಿ ತೋರಿಸಿ, ಪ್ರತಿ ಹೋಳಿಗೂ ತಗಲುವ ಸಾಮಗ್ರಿಯ ವೆಚ್ಚವನ್ನು ಯೋಜನಾ ವರದಿಯ ಮೂಲೆಯಲ್ಲಿ ಬಚ್ಚಿಡುವುದು ಬ್ಯಾಂಕಿಗಿಂತ ಮೊದಲು ಉದ್ಯಮಿಯನ್ನೇ ವಂಚಿಸುತ್ತದೆ.

ಕರ್ನಾಟಕದ ಮಟ್ಟಿಗೆ ಅವಕಾಶವಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಗಣನೆಯಲ್ಲಿ. ಇದು ಬರಿಯ ಆಸೆಯ ಮಾತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು 2000ದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸ್ಟ್ರಾಂಡ್ ಸಂಸ್ಥೆಯು ಜೀನ್ ಅಭಿವ್ಯಕ್ತಿಯ ದತ್ತಾಂಶವನ್ನು ನಕ್ಷೆಗಳಾಗಿ ತೋರಿಸುವ ತಂತ್ರಾಂಶವನ್ನು ಬೆಳೆಸಿತ್ತು. ಅಜಿಲೆಂಟ್ ಕಂಪನಿಯ 'ಜೀನ್‌ಸ್ಪ್ರಿಂಗ್' ಆ ಬುನಾದಿಯ ಮೇಲೆಯೇ ರೂಪುಗೊಂಡು ಜಗತ್ತಿನಾದ್ಯಂತ ಮಾರಾಟವಾಯಿತು. 2021ರಲ್ಲಿ ರಿಲಯನ್ಸ್ ಸಮೂಹವು ಸ್ಟ್ರಾಂಡ್‌ನ ಬಹುಪಾಲು ಷೇರುಗಳನ್ನು ಕೊಂಡಿತು. ಇಂದು 'ಸ್ಪಾರ್ಕ್', 'ಸ್ಪೇಷಿಯಲ್‌ಡಿಇ'ಯಂತಹ ವಿಧಾನಗಳ ತಂತ್ರಾಂಶ ಮುಕ್ತವಾಗಿ ಲಭ್ಯವಿರುವುದರಿಂದ ಹತ್ತು ಮಂದಿಯ ಸಂಸ್ಥೆಯೂ ಈ ಕೆಲಸಕ್ಕೆ ಇಳಿಯಬಹುದು. ತೊಡಕಿರುವುದು ಗಾತ್ರದಲ್ಲಿ. 2024ರಲ್ಲಿ ಬಂದ 'ವಿಸಿಯಂ ಎಚ್‌ಡಿ'ಯಲ್ಲಿ ಚುಕ್ಕಿಯ ಬದಲು ಎರಡು ಮೈಕ್ರಾನ್ ಬದಿಯ ಚೌಕಗಳಿವೆ, 6.5 ಮಿಲಿಮೀಟರ್ ಬದಿಯ ಕ್ಷೇತ್ರದಲ್ಲಿ ಅವುಗಳ ಸಂಖ್ಯೆ ಒಂದು ಕೋಟಿಯನ್ನು ಮೀರುತ್ತದೆ. ಹಳೆಯ ವಿಧಾನಗಳಲ್ಲಿ ಕೆಲವದರ ಗಣನೆಯ ಹೊರೆ, ಚುಕ್ಕಿಗಳು ಎರಡರಷ್ಟಾದರೆ ಎಂಟರಷ್ಟಾಗುವ ಬಗೆಯದು. 260 ಚುಕ್ಕಿಗೆ ನಿಮಿಷಗಳಲ್ಲಿ ಮುಗಿದ ಲೆಕ್ಕ ಇಲ್ಲಿ ಮುಗಿಯುವುದೇ ಇಲ್ಲ. ಮಿಷಿಗನ್ನಿನವರೇ 2021ರಲ್ಲಿ 'ಸ್ಪಾರ್ಕ್-ಎಕ್ಸ್' ಎಂಬ ಹಗುರವಾದ ವಿಧಾನವನ್ನು ತಂದಿರುವುದು ಈ ಕಾರಣದಿಂದಲೇ. ಸೇವೆಗೆ ದರ ನಮೂದಿಸುವವರು ಮಾದರಿಯೊಂದಕ್ಕೆ ಇಷ್ಟೆಂದು ಕಣ್ಣುಮುಚ್ಚಿ ಬರೆಯದೆ, ಚುಕ್ಕಿಗಳ ಸಂಖ್ಯೆಯನ್ನು ನೋಡಿ ಗಣಕಯಂತ್ರದ ಬಾಡಿಗೆಯನ್ನು ಸೇರಿಸಿ ಬರೆಯುವುದು ಒಳಿತು.

ಕೊಳ್ಳುವವರ ಕಡೆಯಿಂದ ಒಪ್ಪಂದದಲ್ಲಿ ಸೇರಬೇಕಾದ ಷರತ್ತೊಂದಿದೆ. ಬಣ್ಣದ ನಕ್ಷೆಗಳ ಜತೆಗೆ ಪ್ರತಿ ಚುಕ್ಕಿಯ ಮೂಲ ಎಣಿಕೆ, ಅದರ ವಿಳಾಸ, ಮೂಲ ಛಾಯಾಚಿತ್ರ, ಪರೀಕ್ಷಿಸಿದ ಜೀನುಗಳ ಒಟ್ಟು ಸಂಖ್ಯೆ ಮತ್ತು ವಿಳಾಸ ಕಲಸಿ ನಡೆಸಿದ ಗಣನೆಯ ಫಲಿತಾಂಶ ಇವಿಷ್ಟನ್ನೂ ಯಾವುದೇ ಕಂಪನಿಯ ತಂತ್ರಾಂಶವಿಲ್ಲದೆ ತೆರೆಯಬಹುದಾದ ಕಡತಗಳಲ್ಲಿ ಒಪ್ಪಿಸತಕ್ಕದ್ದೆಂದು ಅದರಲ್ಲಿ ನಮೂದಾಗಿರಬೇಕು, ಮತ್ತು ಕೊನೆಯ ಕಂತಿನ ಹಣವನ್ನು ಆ ಕಡತಗಳು ಕೈಸೇರಿದ ಅನಂತರವೇ ಪಾವತಿಸುವ ಏರ್ಪಾಟಿರಬೇಕು.